ಆಟಿಸಂ ಇರುವ ಮಗುವಿಗೆ ಊರ ಶಾಲೆಯಲ್ಲಿ ಜಾಗ

ಮಿದುಳು ಬೆಳೆಯುವ ರೀತಿಯಲ್ಲೇ ಇರುವ ಒಂದು ವ್ಯತ್ಯಾಸಕ್ಕೆ ಆಟಿಸಂ ಎಂದು ಹೆಸರು. ಸರ್ಕಾರಿ ಕಾಗದಪತ್ರಗಳಲ್ಲಿ ಇದನ್ನು ‘ಸ್ವಲೀನತೆ’ ಎಂದು ಬರೆಯುತ್ತಾರೆ. ತನ್ನೊಳಗೇ ಲೀನವಾಗಿರುವುದು ಎಂಬ ಅರ್ಥದ ಈ ಪದ ಸ್ವಲ್ಪ ದಾರಿ ತಪ್ಪಿಸುತ್ತದೆ. ಆಟಿಸಂ ಇರುವ ಎಷ್ಟೋ ಮಕ್ಕಳು ಸುತ್ತಲಿನ ಲೋಕವನ್ನು ಉಳಿದವರಿಗಿಂತ ಹೆಚ್ಚಾಗಿಯೇ ಗಮನಿಸುತ್ತಾರೆ. ಫ್ಯಾನಿನ ಕಿರುಗುಟ್ಟುವ ಸದ್ದು, ಪಕ್ಕದವಳ ಬಳೆ, ಕಿಟಕಿಯಾಚೆ ಹೋಗುವ ಟ್ರ್ಯಾಕ್ಟರ್, ಗುರುಗಳ ಮಾತು ಎಲ್ಲವೂ ಒಂದೇ ಜೋರಿನಲ್ಲಿ ಒಟ್ಟಿಗೆ ಬಂದು ಬಿದ್ದಾಗ ಯಾವುದನ್ನು ಹಿಡಿಯಬೇಕು, ಯಾವುದನ್ನು ಬಿಡಬೇಕು ಎಂಬುದು ಅವರಿಗೆ ತಿಳಿಯದಾಗುತ್ತದೆ.

ಲಕ್ಷಣಗಳು ಸಾಮಾನ್ಯವಾಗಿ ಮೂರು ವರ್ಷದೊಳಗೇ ಕಾಣುತ್ತವೆ. “ಕರದ್ರ ತಿರುಗಿ ನೋಡಂಗಿಲ್ರಿ, ಕಿವಿ ಕೇಳ್ಸಂಗಿಲ್ಲ ಅನ್ಕೊಂಡಿದ್ವಿ” ಎನ್ನುವುದು ರಾಯಚೂರು ಸೀಮೆಯ ತಾಯಂದಿರು ಮೊದಲು ಹೇಳುವ ಮಾತು. ಬೇಕಾದ್ದನ್ನು ಬೆರಳು ಮಾಡಿ ತೋರಿಸುವ ಬದಲು ದೊಡ್ಡವರ ಕೈ ಹಿಡಿದು ಎಳೆದೊಯ್ಯುವುದು, ಆಟಿಕೆಯ ಗಾಡಿ ಓಡಿಸುವ ಬದಲು ಅದರ ಗಾಲಿಯನ್ನು ಗಂಟೆಗಟ್ಟಲೆ ತಿರುಗಿಸುವುದು, ಕೈಗಳನ್ನು ಪಟಪಟನೆ ಬಡಿಯುವುದು, ಒಂದೇ ಬಗೆಯ ಊಟಕ್ಕೆ ಅಂಟಿಕೊಳ್ಳುವುದು, ದಿನಚರಿ ಸ್ವಲ್ಪ ಬದಲಾದರೂ ತಡೆಯಲಾರದೆ ಅಳುವುದು, ಇವೆಲ್ಲ ಬೇರೆ ಬೇರೆ ಪ್ರಮಾಣದಲ್ಲಿ ಇರುತ್ತವೆ. ಕೆಲವರಿಗೆ ಮಾತೇ ಬರುವುದಿಲ್ಲ. ಕೆಲವರು “ನಿನ್ನ ಹೆಸರೇನು?” ಎಂದರೆ “ನಿನ್ನ ಹೆಸರೇನು?” ಎಂದೇ ಮರಳಿ ಹೇಳುತ್ತಾರೆ. ಇನ್ನು ಕೆಲವರು ಬಸ್ಸಿನ ವೇಳಾಪಟ್ಟಿಯನ್ನೋ ಮಗ್ಗಿಯನ್ನೋ ನೀರು ಕುಡಿದಂತೆ ಒಪ್ಪಿಸುತ್ತಾರೆ, ಆದರೆ ಆಟಕ್ಕೆ ಜೊತೆಗಾರರನ್ನು ಕರೆಯುವುದು ಹೇಗೆಂದು ಅವರಿಗೆ ತಿಳಿಯುವುದಿಲ್ಲ. ಒಂದೇ ಹೆಸರಿನಡಿ ಇಷ್ಟು ಬಗೆಯ ಮಕ್ಕಳಿರುವುದರಿಂದ ಒಬ್ಬರಿಗೆ ಒಗ್ಗಿದ ಉಪಾಯ ಇನ್ನೊಬ್ಬರಿಗೆ ಒಗ್ಗಲೇಬೇಕೆಂದಿಲ್ಲ.

ಅಮೆರಿಕದ ಮನೋವೈದ್ಯ ಲಿಯೋ ಕ್ಯಾನರ್ 1943ರಲ್ಲಿ 11 ಮಕ್ಕಳ ವಿವರಗಳನ್ನು ಪ್ರಕಟಿಸಿ ಈ ಸ್ಥಿತಿಯನ್ನು ಗುರುತಿಸಿದರು. ಆನಂತರದ ಎರಡು ದಶಕ ತಾಯಿಯ ಪ್ರೀತಿಯ ಕೊರತೆಯೇ ಇದಕ್ಕೆ ಕಾರಣವೆಂಬ ತಪ್ಪು ನಂಬಿಕೆ ವೈದ್ಯರಲ್ಲೂ ಇತ್ತು. ಸ್ವತಃ ಆಟಿಸಂ ಇದ್ದ ಮಗನ ತಂದೆಯಾಗಿದ್ದ ಮನಶ್ಶಾಸ್ತ್ರಜ್ಞ ಬರ್ನಾರ್ಡ್ ರಿಮ್ಲೆಂಡ್ 1964ರ ತಮ್ಮ ಪುಸ್ತಕದಲ್ಲಿ ಅದನ್ನು ಬುಡಮೇಲು ಮಾಡಿದರು. ಲಸಿಕೆಯಿಂದ ಆಟಿಸಂ ಬರುತ್ತದೆಂದು 1998ರಲ್ಲಿ ಪ್ರಕಟವಾದ ಬ್ರಿಟಿಷ್ ಲೇಖನವನ್ನು ಅದೇ ಪತ್ರಿಕೆ 2010ರಲ್ಲಿ ಹಿಂಪಡೆಯಿತು. ಆಟಿಸಂಗೆ ಮುಖ್ಯ ಕಾರಣ ವಂಶವಾಹಿಗಳಲ್ಲಿದೆ ಎಂಬುದು ಇಂದು ಖಚಿತ. ಇಷ್ಟಾದರೂ ಊರುಗಳಲ್ಲಿ ಬಸುರಿನಲ್ಲಿ ಏನು ತಿಂದೆ, ಯಾರ ದೃಷ್ಟಿ ತಾಗಿತು, ಯಾವ ಹರಕೆ ತಪ್ಪಿತು ಎಂಬ ಪ್ರಶ್ನೆಗಳು ತಾಯಿಯ ಬೆನ್ನು ಬಿಡುವುದಿಲ್ಲ. ಶಾಲೆಯ ಮೊದಲ ಕರ್ತವ್ಯ ಆ ಪ್ರಶ್ನೆಗಳನ್ನು ಮತ್ತೆ ಕೇಳದಿರುವುದು. ದೋಷ ತಾಯಿಯದೂ ಅಲ್ಲ, ಮಗುವಿನದೂ ಅಲ್ಲ.

ವಿಶ್ವ ಆರೋಗ್ಯ ಸಂಸ್ಥೆಯ ಈ ಹಿಂದಿನ ಅಂದಾಜಿನಂತೆ ನೂರು ಮಕ್ಕಳಲ್ಲಿ ಸುಮಾರು ಒಬ್ಬರಿಗೆ ಆಟಿಸಂ ಇರುತ್ತದೆ. ಒಂದು ಕ್ಲಸ್ಟರಿನ ಶಾಲೆಗಳಲ್ಲಿ ಎರಡು ಸಾವಿರ ಮಕ್ಕಳಿದ್ದರೆ ಅವರಲ್ಲಿ ಇಪ್ಪತ್ತು ಮಂದಿ ಇಂಥವರೆಂದು ಲೆಕ್ಕ. ಗುರುತಾಗದೆ ಉಳಿದವರು ಬೇರೆ ಹೆಸರುಗಳಲ್ಲಿ ಬದುಕುತ್ತಾರೆ: ಮೂಗ, ಹಠಮಾರಿ, ಹುಚ್ಚ, ದಡ್ಡ. ಹುಡುಗಿಯರಾದರೆ ‘ಬಾಳ ನಾಚಿಕಿ ಸ್ವಭಾವ’ ಎನ್ನಿಸಿಕೊಂಡು ಇನ್ನಷ್ಟು ತಡವಾಗಿ ಗುರುತಾಗುತ್ತಾರೆ.

ಕೃಷ್ಣಾ ಮತ್ತು ತುಂಗಭದ್ರೆಯ ನಡುವಿನ ರಾಯಚೂರು ಜಿಲ್ಲೆಯಲ್ಲಿ 2011ರ ಜನಗಣತಿಯಂತೆ 19,28,812 ಜನರಿದ್ದರು. ಸಾಕ್ಷರತೆ ಶೇ 59.56, ರಾಜ್ಯದಲ್ಲಿ ಯಾದಗಿರಿಯ ನಂತರ ಅತಿ ಕಡಿಮೆ. ಪ್ರಾದೇಶಿಕ ಅಸಮಾನತೆಯ ಅಧ್ಯಯನ ನಡೆಸಿದ ಡಾ. ಡಿ.ಎಂ. ನಂಜುಂಡಪ್ಪ ಸಮಿತಿ 2002ರ ವರದಿಯಲ್ಲಿ ದೇವದುರ್ಗ ಮತ್ತು ಮಾನ್ವಿಯನ್ನು ಅತ್ಯಂತ ಹಿಂದುಳಿದ ತಾಲ್ಲೂಕುಗಳ ಪಟ್ಟಿಯಲ್ಲಿ ಇರಿಸಿತು. ಕೇಂದ್ರ ಸರ್ಕಾರ 2018ರಲ್ಲಿ ಆಯ್ದ ಮಹತ್ವಾಕಾಂಕ್ಷಿ ಜಿಲ್ಲೆಗಳಲ್ಲಿ ಕರ್ನಾಟಕದಿಂದ ಇದ್ದದ್ದು ರಾಯಚೂರು ಮತ್ತು ಯಾದಗಿರಿ ಮಾತ್ರ. ಮಾತಿನ ತರಬೇತಿ ಕೊಡುವವರು, ಮಕ್ಕಳ ಮನೋವೈದ್ಯರು, ಆಟಿಸಂ ಬಲ್ಲ ವಿಶೇಷ ಶಿಕ್ಷಕರು ಇರುವುದು ಹೆಚ್ಚಾಗಿ ದೊಡ್ಡ ನಗರಗಳಲ್ಲಿ. ಮಾನ್ವಿ, ದೇವದುರ್ಗದ ಹಳ್ಳಿಯ ಕೂಲಿಕಾರ ಕುಟುಂಬವೊಂದು ಐವತ್ತು ಕಿಲೊಮೀಟರ್ ಆಸುಪಾಸಿನ ರಾಯಚೂರಿಗೆ ಬಂದು ಹೋಗಬೇಕೆಂದರೆ ಒಂದು ದಿನದ ಕೂಲಿ ಬಿಡಬೇಕು. ವಾರಕ್ಕೆರಡು ಸಲ ಥೆರಪಿಗೆ ಕರೆತನ್ನಿ ಎಂಬ ಸಲಹೆ ಅಂಥವರ ಪಾಲಿಗೆ ಸಲಹೆಯೇ ಅಲ್ಲ. ಈ ತಾಲ್ಲೂಕುಗಳ ಬಹುಪಾಲು ಮಕ್ಕಳಿಗೆ ನಡೆದು ಹೋಗುವಷ್ಟು ಹತ್ತಿರದಲ್ಲಿ ಸಿಗುವ ನೆರವು ಎರಡೇ: ಅಂಗನವಾಡಿ ಮತ್ತು ಸರ್ಕಾರಿ ಶಾಲೆ. ಆದ್ದರಿಂದ ಆಟಿಸಂ ಇರುವ ಮಗುವಿನ ಭವಿಷ್ಯ ಇಲ್ಲಿ ಆಸ್ಪತ್ರೆಗಿಂತ ಶಾಲೆಯ ಮೇಲೆ ಹೆಚ್ಚು ನಿಂತಿದೆ.

ಕಾನೂನು ಮಗುವಿನ ಪರವಾಗಿದೆ, ಆದರೆ ಈ ನಿಲುವಿಗೆ ಅದು ತಡವಾಗಿ ಬಂದಿತು. 1995ರ ಅಂಗವಿಕಲರ ಕಾಯ್ದೆ ಪಟ್ಟಿ ಮಾಡಿದ್ದ ಏಳು ಬಗೆಯಲ್ಲಿ ಆಟಿಸಂ ಇರಲಿಲ್ಲ. 1999ರ ರಾಷ್ಟ್ರೀಯ ನ್ಯಾಸ ಕಾಯ್ದೆ ಅದನ್ನು ಹೆಸರಿಸಿತು. 2016ರ ಅಂಗವಿಕಲ ವ್ಯಕ್ತಿಗಳ ಹಕ್ಕುಗಳ ಕಾಯ್ದೆ 21 ಬಗೆಯ ಅಂಗವೈಕಲ್ಯಗಳಲ್ಲಿ ಆಟಿಸಂ ಅನ್ನು ಸೇರಿಸಿ, 2017ರ ಏಪ್ರಿಲ್‌ನಲ್ಲಿ ಜಾರಿಗೆ ಬಂದಿತು. ಶೇ 40ಕ್ಕಿಂತ ಕಡಿಮೆಯಿಲ್ಲದ ವೈಕಲ್ಯ ಇರುವ 6ರಿಂದ 18 ವರ್ಷದ ಪ್ರತಿ ಮಗುವಿಗೂ ನೆರೆಹೊರೆಯ ಶಾಲೆಯಲ್ಲಿ, ಇಲ್ಲವೇ ಪೋಷಕರು ಬಯಸಿದ ವಿಶೇಷ ಶಾಲೆಯಲ್ಲಿ ಉಚಿತ ಶಿಕ್ಷಣ ಪಡೆಯುವ ಹಕ್ಕನ್ನು ಅದರ 31ನೇ ಸೆಕ್ಷನ್ ಕೊಡುತ್ತದೆ. ಸರ್ಕಾರದ ಅನುದಾನವಿರಲಿ, ಬರೀ ಮಾನ್ಯತೆಯಿರಲಿ, ಯಾವ ಶಾಲೆಯಾದರೂ ತಾರತಮ್ಯವಿಲ್ಲದೆ ಸೇರಿಸಿಕೊಳ್ಳಬೇಕು, ಮಗುವಿಗೆ ತಕ್ಕ ಹೊಂದಾಣಿಕೆ ಮಾಡಬೇಕು ಎನ್ನುವುದು 16ನೇ ಸೆಕ್ಷನ್. “ನಮ್ಮಲ್ಲಿ ಇಂಥ ಮಕ್ಕಳಿಗೆ ವ್ಯವಸ್ಥೆ ಇಲ್ಲ, ಬೇರೆ ಕಡೆ ನೋಡ್ರಿ” ಎಂದು ಪ್ರವೇಶ ನಿರಾಕರಿಸುವುದಕ್ಕೆ ಕಾನೂನಿನಲ್ಲಿ ಅವಕಾಶವಿಲ್ಲ.

ಗುರುತಿಸುವ ಕೆಲಸಕ್ಕೂ ಒಂದು ದಾರಿ ಇದೆ. 2013ರಲ್ಲಿ ಆರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ತಂಡಗಳು ಅಂಗನವಾಡಿಗಳಿಗೆ ವರ್ಷಕ್ಕೆ ಎರಡು ಸಲ, ಸರ್ಕಾರಿ ಶಾಲೆಗಳಿಗೆ ಒಂದು ಸಲ ಭೇಟಿ ಕೊಡಬೇಕು. ತಂಡ ಬರುವ ದಿನ ಅಂಗನವಾಡಿ ಕಾರ್ಯಕರ್ತೆ ‘ಮೂರು ವರ್ಷವಾದರೂ ಮಾತಿಲ್ಲ, ಕರೆದರೆ ನೋಡುವುದಿಲ್ಲ’ ಎಂದು ಹೆಸರು ಹಿಡಿದು ಹೇಳಿದರೆ ಆ ಮಗುವಿಗೆ ಮುಂದಿನ ಬಾಗಿಲು ತೆರೆಯುತ್ತದೆ. ಅಂಗವೈಕಲ್ಯದ ಪ್ರಮಾಣ ಅಳೆಯಲು ‘ಐಸಾ’ ಎಂಬ ಭಾರತೀಯ ಮಾಪಕವನ್ನು ಬಳಸುತ್ತಾರೆ. ಅದರಲ್ಲಿ 40 ಅಂಶಗಳಿದ್ದು, ಒಂದೊಂದಕ್ಕೂ 1ರಿಂದ 5 ಅಂಕ. ಒಟ್ಟು 70 ಮತ್ತು ಅದಕ್ಕೆ ಮೇಲ್ಪಟ್ಟು ಬಂದರೆ ಆಟಿಸಂ ಎಂದು ಪರಿಗಣನೆ. ಈ ಮಾಪಕವನ್ನು ರೂಪಿಸಿದ ರಾಷ್ಟ್ರೀಯ ಸಂಸ್ಥೆ ಇರುವುದು ಸಿಕಂದರಾಬಾದಿನಲ್ಲಿ. ಈಗ ಅದರ ಹೆಸರು ಚಿಕ್ಕದಾಗಿ ‘ನೀಪಿಡ್’. ರಾಯಚೂರಿನವರಿಗೆ ಬೆಂಗಳೂರಿನ ನಿಮ್ಹಾನ್ಸ್ ಅಥವಾ ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಗಿಂತ ಇದು ಬಹಳ ಹತ್ತಿರ. ಅಂಗವೈಕಲ್ಯದ ಪ್ರಮಾಣಪತ್ರ ಮತ್ತು ಯುಡಿಐಡಿ ಗುರುತಿನ ಕಾರ್ಡಿನ ಅರ್ಜಿಗೆ ಗ್ರಾಮ ಪಂಚಾಯಿತಿ ಮಟ್ಟದ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರು, ತಾಲ್ಲೂಕು ಮಟ್ಟದ ವಿವಿಧೋದ್ದೇಶ ಪುನರ್ವಸತಿ ಕಾರ್ಯಕರ್ತರು ನೆರವಾಗುತ್ತಾರೆ. ಬಡ ಮನೆಯವರಿಗೆ ಈ ಕಾರ್ಯಕರ್ತರ ಪರಿಚಯ ಇರುವುದೇ ದೊಡ್ಡ ಆಸರೆ. ಆದರೆ ಪ್ರಮಾಣಪತ್ರ ಬರುವವರೆಗೆ ಮಗು ಮನೆಯಲ್ಲಿ ಕಾಯಬೇಕಿಲ್ಲ. ಶಾಲಾ ಪ್ರವೇಶಕ್ಕೆ ಆ ಕಾಗದ ಬೇಕಿಲ್ಲ.

ದಾಖಲಾದ ಮೇಲೆ ನಿಜವಾದ ಕೆಲಸ ಆರಂಭ. ಹಾಜರಿಯಲ್ಲಿ ಹೆಸರಿದ್ದು, ಮಗು ದಿನವಿಡೀ ಕೊನೆಯ ಸಾಲಿನ ಗೋಡೆಗೆ ಒರಗಿ ಕೂತು ಹೋಗುತ್ತಿದ್ದರೆ ಅದನ್ನು ಒಳಗೊಳ್ಳುವಿಕೆ ಎನ್ನಲಾಗದು. ಆಟಿಸಂ ಇರುವ ಮಗುವಿಗೆ ಶಾಲೆಯಿಂದ ಬೇಕಾದ ಮೊದಲ ಸಂಗತಿ ‘ಈಗ ಏನು, ಆಮೇಲೆ ಏನು’ ಎಂಬ ಖಾತ್ರಿ. ಮುಂದೇನಾಗುತ್ತದೆಂದು ತಿಳಿಯದ ಭಯವೇ ಅರ್ಧಕ್ಕರ್ಧ ಅಳು, ಓಟ, ಹೊಡೆದಾಟದ ಹಿಂದಿರುತ್ತದೆ. ಅಮೆರಿಕದ ನಾರ್ತ್ ಕೆರೊಲಿನಾ ವಿಶ್ವವಿದ್ಯಾಲಯದಲ್ಲಿ ಎರಿಕ್ ಶಾಪ್ಲರ್ ಮತ್ತು ಸಂಗಡಿಗರು 1970ರ ದಶಕದಲ್ಲಿ ಬೆಳೆಸಿದ ಬೋಧನಾಕ್ರಮ ನಿಂತಿರುವುದೂ ಈ ತಿಳಿವಳಿಕೆಯ ಮೇಲೆಯೇ: ಕಿವಿಗೆ ಹೇಳಿದ್ದು ಗಾಳಿಗೆ ಹೋಗುತ್ತದೆ, ಕಣ್ಣಿಗೆ ಕಂಡದ್ದು ಅಲ್ಲೇ ಇರುತ್ತದೆ, ಆದ್ದರಿಂದ ದಿನದ ಕ್ರಮವನ್ನು ಚಿತ್ರಗಳಲ್ಲಿ ತೋರಿಸಬೇಕು.

ಇದಕ್ಕೆ ಹಳೆಯ ರಟ್ಟು, ಸ್ಕೆಚ್ ಪೆನ್ನು, ನಾಲ್ಕು ಬಟ್ಟೆ ಕ್ಲಿಪ್ಪು ಸಾಕು. ಪ್ರಾರ್ಥನೆ, ಕನ್ನಡ, ಹಾಲು, ಗಣಿತ, ಬಿಸಿಯೂಟ, ಆಟ, ಮನೆ ಎಂದು ಏಳೆಂಟು ಚಿತ್ರಗಳನ್ನು ಮೇಲಿನಿಂದ ಕೆಳಕ್ಕೆ ಗೋಡೆಗೆ ತೂಗಬೇಕು. ಒಂದು ಮುಗಿದೊಡನೆ ಮಗುವೇ ಆ ಚಿತ್ರವನ್ನು ತೆಗೆದು ‘ಮುಗಿಯಿತು’ ಎಂದು ಬರೆದ ಡಬ್ಬಿಗೆ ಹಾಕುತ್ತದೆ. ಕೊನೆಯಲ್ಲಿ ‘ಮನೆ’ ಇದೆ ಎಂದು ಕಣ್ಣಾರೆ ಕಂಡ ಮಗು ಬೆಳಿಗ್ಗೆ ಹತ್ತಕ್ಕೇ ಬಾಗಿಲಿಗೆ ಓಡುವುದು ಕಡಿಮೆಯಾಗುತ್ತದೆ. ಸಭೆಗಾಗಿ ಗಣಿತ ತಪ್ಪಿದರೆ ಆ ಚಿತ್ರವನ್ನು ಮಗುವಿನ ಎದುರೇ ಬದಲಿಸಬೇಕು. ಬದಲಾವಣೆಯನ್ನು ಮೊದಲೇ ತೋರಿಸಿದರೆ ಮಗು ತಡೆದುಕೊಳ್ಳುತ್ತದೆ. ತಟ್ಟನೆ ಬಂದೆರಗಿದರೆ ಕುಸಿಯುತ್ತದೆ.

ಕರ್ನಾಟಕದ ಸರ್ಕಾರಿ ಶಾಲೆಗಳಲ್ಲಿ ಈ ಕ್ರಮಕ್ಕೆ ಒಂದು ನೆಲಗಟ್ಟು ಈಗಾಗಲೇ ಇದೆ. ಹೆಗ್ಗಡದೇವನಕೋಟೆಯಲ್ಲಿ 1995ರಲ್ಲಿ ಶುರುವಾಗಿ ಮುಂದೆ ರಾಜ್ಯದಾದ್ಯಂತ ಹಬ್ಬಿದ ನಲಿ-ಕಲಿ ಕಲಿಕಾಕ್ರಮದಲ್ಲಿ ಚಿತ್ರಕಾರ್ಡುಗಳಿವೆ, ಕಲಿಕಾ ಏಣಿ ಇದೆ, ಪ್ರತಿ ಮಗುವೂ ತನ್ನ ವೇಗದಲ್ಲಿ ಮೆಟ್ಟಿಲು ಹತ್ತುತ್ತದೆ. ಎಲ್ಲರೂ ಒಟ್ಟಿಗೆ ಒಂದೇ ಪುಟ ತೆರೆಯಬೇಕಾದ ತರಗತಿಗಿಂತ ಇದು ಆಟಿಸಂ ಇರುವ ಮಗುವಿಗೆ ಎಷ್ಟೋ ಪಾಲು ಅನುಕೂಲ. ಅದರ ಹಾಡು, ಕುಣಿತ, ಗುಂಪುಗಳ ಗದ್ದಲ ಮಾತ್ರ ಕೆಲವರಿಗೆ ಹೊರೆಯಾಗುತ್ತದೆ. ಅಂಥ ಮಗುವಿಗೆ ಗೋಡೆಯ ಪಕ್ಕ ಒಂದು ಕಾಯಂ ಜಾಗ, ಅಂಗಳದಲ್ಲಿ ಬೇವಿನ ಮರದ ಕೆಳಗೆ ಹತ್ತು ನಿಮಿಷ ಸುಮ್ಮನೆ ಕೂರುವ ಅನುಮತಿ ಇದ್ದರೆ ಉಳಿದ ಹೊತ್ತು ತರಗತಿಯೊಳಗೆ ಇರಬಲ್ಲದು. ಅಲ್ಲಿಗೆ ಕಳುಹಿಸುವುದು ಶಿಕ್ಷೆಯಾಗಬಾರದು. ಬೇಕೆನಿಸಿದಾಗ ಮಗುವೇ ಕಾರ್ಡು ತೋರಿಸಿ ಎದ್ದು ಹೋಗುವಂತಿರಬೇಕು.

ಇಂದ್ರಿಯಗಳ ವಿಷಯವನ್ನು ಶಾಲೆಗಳು ಸಾಮಾನ್ಯವಾಗಿ ಲಕ್ಷ್ಯಕ್ಕೇ ತರುವುದಿಲ್ಲ. ಕಬ್ಬಿಣದ ಪಟ್ಟಿಗೆ ಬಡಿಯುವ ಗಂಟೆಯ ಸದ್ದು ಕೆಲವು ಮಕ್ಕಳಿಗೆ ಕಿವಿಯೊಳಗೆ ಚುಚ್ಚಿದಂತೆ. ಗಂಟೆ ಬಾರಿಸುವ ಮೊದಲು ಕೈಸನ್ನೆ ಮಾಡಿದರೆ ಮಗು ಕಿವಿ ಮುಚ್ಚಿಕೊಳ್ಳುತ್ತದೆ. ಆ ಮಗುವಿಗೇ ಗಂಟೆ ಹೊಡೆಯುವ ಕೆಲಸ ಕೊಟ್ಟರೆ ಎಷ್ಟೋ ಸಲ ಹೆದರಿಕೆಯೇ ಹೋಗುತ್ತದೆ. ಈ ಸೀಮೆಯ ಬೇಸಿಗೆಯಲ್ಲಿ ಬೆವರಿಗೆ ಅಂಟುವ ಸಮವಸ್ತ್ರ, ಕೊರಳ ಹಿಂದೆ ತಾಗುವ ಚೀಟಿ ಕೂಡ ಕಾಡುತ್ತವೆ. ಚೀಟಿ ಕತ್ತರಿಸಿದರೆ, ಹಳೆಯ ಮೆತ್ತನೆಯ ಅಂಗಿಗೆ ಒಪ್ಪಿದರೆ ನಷ್ಟವೇನಿಲ್ಲ. ಮೊಹರಂ ಹಲಗೆಯ ಸದ್ದು, ಕಾರಹುಣ್ಣಿಮೆಯ ಮೆರವಣಿಗೆ ಶಾಲೆಯ ಎದುರೇ ಹಾಯುವ ದಿನಗಳನ್ನು ಮೊದಲೇ ಗುರುತು ಹಾಕಿಕೊಳ್ಳಬೇಕು.

ಊಟದ ಮಾತೂ ಹೀಗೆಯೇ. ಅಕ್ಷರ ದಾಸೋಹದ ಬಿಸಿಯೂಟ 2002ರಲ್ಲಿ ಮೊದಲು ಶುರುವಾದ ಈಶಾನ್ಯ ಕರ್ನಾಟಕದ ಏಳು ಜಿಲ್ಲೆಗಳಲ್ಲಿ ರಾಯಚೂರೂ ಒಂದು. ಅನ್ನಕ್ಕೆ ಸಾಂಬಾರು ಸುರಿದೊಡನೆ ತಟ್ಟೆ ನೂಕುವ ಮಗುವನ್ನು ಸೊಕ್ಕಿನವನೆಂದು ಗದರಿಸುತ್ತಾರೆ. ಎರಡು ಬಗೆಯ ಆಹಾರ ಒಂದಕ್ಕೊಂದು ತಾಗಿದರೆ, ವಾಸನೆ ಜೋರಾದರೆ, ಆಟಿಸಂ ಇರುವ ಕೆಲವು ಮಕ್ಕಳಿಗೆ ನುಂಗಲಾಗುವುದಿಲ್ಲ. ಅನ್ನ ಒಂದು ಕಡೆ, ಸಾಂಬಾರು ಬಟ್ಟಲಲ್ಲಿ ಇನ್ನೊಂದು ಕಡೆ ಕೊಡುವುದು ಅಡುಗೆಯವರಿಗೆ ಭಾರವಲ್ಲ. ಮೊದಲ ತಿಂಗಳು ಅಡುಗೆ ಕೋಣೆಯ ಅಕ್ಕನವರೊಡನೆ ತಾಯಿ ಹತ್ತು ನಿಮಿಷ ಮಾತಾಡಿದರೆ ಸಾಕಷ್ಟು ತಿಳಿಯುತ್ತದೆ.

ಮಾತನ್ನು ಹೇಗೆ ಬಳಸಬೇಕೆಂಬುದು ಗುರುಗಳು ಮುಖ್ಯವಾಗಿ ಕಲಿಯಬೇಕಾದದ್ದು. ಆಟಿಸಂ ಇರುವ ಮಗು ಮಾತನ್ನು ಅಕ್ಷರಶಃ ತೆಗೆದುಕೊಳ್ಳುತ್ತದೆ. “ಬಾಯಿ ಮುಚ್ಚು” ಎಂದರೆ ಬಾಯಿಗೆ ಅಂಗೈ ಇಟ್ಟುಕೊಂಡು ಹಾಡು ಮುಂದುವರಿಸೀತು. “ತಲಿ ತಿನ್ನಬ್ಯಾಡ” ಎಂದರೆ ಗಾಬರಿಯಾದೀತು. ‘ಓಡಬೇಡ’ ಎನ್ನುವುದಕ್ಕಿಂತ ‘ನಡಿ’ ಎನ್ನುವುದು, ‘ಗಲಾಟೆ ಮಾಡಬೇಡ’ ಎನ್ನುವುದಕ್ಕಿಂತ ‘ಇಲ್ಲಿ ಕೂಡು’ ಎನ್ನುವುದು ಅದಕ್ಕೆ ಸ್ಪಷ್ಟ. ಹೇಳಿದ ಮೇಲೆ ಮನಸ್ಸಿನಲ್ಲೇ ಹತ್ತರವರೆಗೆ ಎಣಿಸುವಷ್ಟು ಕಾಯಬೇಕು. ಅದಕ್ಕೆ ಮೊದಲೇ ಮತ್ತೊಮ್ಮೆ, ಬೇರೆ ಶಬ್ದಗಳಲ್ಲಿ ಹೇಳಿದರೆ ಮಗು ಮೊದಲಿನಿಂದ ಅರ್ಥ ಮಾಡಿಕೊಳ್ಳಬೇಕಾಗುತ್ತದೆ. ‘ಕಣ್ಣಲ್ಲಿ ಕಣ್ಣಿಟ್ಟು ನೋಡು’ ಎಂದು ಒತ್ತಾಯಿಸುವುದರಿಂದ ಪ್ರಯೋಜನವಿಲ್ಲ. ಕೆಲವು ಮಕ್ಕಳು ಮುಖ ನೋಡದಿದ್ದಾಗಲೇ ಚೆನ್ನಾಗಿ ಕೇಳಿಸಿಕೊಳ್ಳುತ್ತಾರೆ.

ಮನೆಯಲ್ಲಿ ತೆಲುಗು, ಉರ್ದು ಅಥವಾ ಲಂಬಾಣಿ, ಓಣಿಯಲ್ಲಿ ರಾಯಚೂರಿನ ಕನ್ನಡ, ಪುಸ್ತಕದಲ್ಲಿ ಇನ್ನೊಂದು ಕನ್ನಡ. ಇಲ್ಲಿನ ಎಷ್ಟೋ ಮಕ್ಕಳ ಪಾಡು ಇದು. ಆಟಿಸಂ ಇರುವ ಮಗುವಿಗೆ ಒಂದೇ ಭಾಷೆ ಮಾತಾಡಿಸಿ, ಮನೆಮಾತು ಬಿಡಿ ಎಂದು ಹೇಳುವವರಿದ್ದಾರೆ. ಎರಡು ಭಾಷೆಗಳಿಂದ ಇಂಥ ಮಕ್ಕಳ ಮಾತು ಕುಂಠಿತವಾಗುವುದಿಲ್ಲ ಎಂಬುದು ಸಂಶೋಧನೆಗಳಲ್ಲಿ ಮತ್ತೆ ಮತ್ತೆ ಕಂಡಿದೆ. ತಾಯಿ ತನ್ನ ಮಾತಿನಲ್ಲಿಯೇ ಲಾಲಿಸಲಿ. ಶಾಲೆ ಮಾತ್ರ ‘ನೀರು’, ‘ಶೌಚ’, ‘ಸಾಕು’, ‘ನೋವು’, ‘ಬೇಡ’ ಎಂಬ ಐದಾರು ಮಾತಿಗೆ ಒಂದೊಂದು ಚಿತ್ರ ಮಾಡಿ ಮಗುವಿನ ಕೊರಳಿಗೋ ಸೊಂಟಕ್ಕೋ ಕಟ್ಟಿಕೊಡಲಿ. ಚಿತ್ರ ಕೊಟ್ಟರೆ ಮಾತು ಬರುವುದು ನಿಂತುಹೋಗುತ್ತದೆ ಎಂಬ ಹೆದರಿಕೆಗೆ ಆಧಾರವಿಲ್ಲ. ಬೇಕಾದ್ದನ್ನು ಕೇಳಲು ಒಂದು ದಾರಿ ಸಿಕ್ಕಿದ ಮಗು ಕಚ್ಚುವುದನ್ನೂ ಕಿರುಚುವುದನ್ನೂ ಕಡಿಮೆ ಮಾಡುತ್ತದೆ.

ಮಗು ನೆಲಕ್ಕೆ ಬಿದ್ದು ತಲೆ ಬಡಿದುಕೊಳ್ಳುವ ಗಳಿಗೆಯೂ ಬರುತ್ತದೆ. ಹಠಕ್ಕೂ ಇದಕ್ಕೂ ವ್ಯತ್ಯಾಸವಿದೆ. ಹಠ ಮಾಡುವ ಮಗು ಯಾರಾದರೂ ನೋಡುತ್ತಿದ್ದಾರೆಯೇ ಎಂದು ಓರೆಗಣ್ಣಲ್ಲಿ ನೋಡುತ್ತದೆ, ಬೇಕಾದ್ದು ಸಿಕ್ಕೊಡನೆ ನಿಲ್ಲಿಸುತ್ತದೆ. ಸಹಿಸುವ ಮಿತಿ ಮೀರಿ ಕುಸಿದ ಮಗುವಿಗೆ ಆ ಹಿಡಿತವೇ ಇರುವುದಿಲ್ಲ. ಆಗ ಪ್ರಶ್ನೆ, ಬುದ್ಧಿಮಾತು, ಹೊಡೆತ ಯಾವುದೂ ಕೂಡದು. ಉಳಿದ ಮಕ್ಕಳನ್ನು ಹೊರಗೆ ಕಳುಹಿಸಿ, ಸದ್ದು ಇಳಿಸಿ, ತಲೆಗೆ ಪೆಟ್ಟಾಗದಂತೆ ಬ್ಯಾಗೋ ಚಾಪೆಯೋ ಇಟ್ಟು ಪಕ್ಕದಲ್ಲಿ ಸುಮ್ಮನೆ ಕೂಡಬೇಕು. ಅಂದಿನ ದಿನಾಂಕ, ಹೊತ್ತು, ಅದಕ್ಕೆ ಮುಂಚೆ ನಡೆದದ್ದು ಇಷ್ಟನ್ನು ನೋಟ್‌ಬುಕ್ಕಿನಲ್ಲಿ ಬರೆದಿಟ್ಟರೆ ಎರಡು ವಾರದಲ್ಲಿ ಕಾರಣ ತಾನೇ ಕಾಣತೊಡಗುತ್ತದೆ. ಮಕ್ಕಳಿಗೆ ದೈಹಿಕ ಶಿಕ್ಷೆಯನ್ನು 2009ರ ಶಿಕ್ಷಣ ಹಕ್ಕು ಕಾಯ್ದೆಯ 17ನೇ ಸೆಕ್ಷನ್ ನಿಷೇಧಿಸಿದೆ. ಈ ಮಕ್ಕಳ ವಿಷಯದಲ್ಲಿ ಹೊಡೆತ ಕಾನೂನುಬಾಹಿರವಷ್ಟೇ ಅಲ್ಲ, ಕ್ರೌರ್ಯ ಕೂಡ. ಯಾಕೆ ಹೊಡೆದರೆಂಬುದು ಮಗುವಿಗೆ ತಿಳಿದೇ ಇರುವುದಿಲ್ಲ.

ಸಹಪಾಠಿಗಳಿಗೆ ವಿಷಯವನ್ನು ಬಿಚ್ಚಿ ಹೇಳುವುದು ಒಳ್ಳೆಯದು. ‘ಇವನಿಗೆ ಸದ್ದು ಜೋರಾಗಿ ಕೇಳಿಸುತ್ತದೆ, ಮಾತು ನಿಧಾನಕ್ಕೆ ಬರುತ್ತದೆ’ ಎಂದಷ್ಟು ಹೇಳಿದರೆ ಎರಡನೇ ತರಗತಿಯ ಮಕ್ಕಳಿಗೂ ತಿಳಿಯುತ್ತದೆ. ಜೊತೆಗೆ ಕೂರುವ, ಊಟಕ್ಕೆ ಕರೆದೊಯ್ಯುವ ಗೆಳೆಯರನ್ನು ವಾರಕ್ಕೊಬ್ಬರಂತೆ ಬದಲಿಸಬೇಕು. ಒಬ್ಬಳೇ ಅಕ್ಕನ ಅಥವಾ ತಂಗಿಯ ತಲೆಗೆ ಇಡೀ ಹೊಣೆ ಕಟ್ಟಿ ಅವಳ ಓದು ಕೆಡಿಸಬಾರದು.

ಕಲ್ಯಾಣ ಕರ್ನಾಟಕದ ಈ ಭಾಗಕ್ಕೆ ಅಂಟಿಕೊಂಡಿರುವ ಎರಡು ತೊಂದರೆಗಳು ಆಟಿಸಂ ಇರುವ ಮಕ್ಕಳನ್ನು ಬೇರೆಯವರಿಗಿಂತ ಹೆಚ್ಚು ಬಾಧಿಸುತ್ತವೆ. ಒಂದು, ಗುರುಗಳ ಕೊರತೆ. ಕಾಯಂ ಶಿಕ್ಷಕರಿಲ್ಲದ ಕಡೆ ಅತಿಥಿ ಶಿಕ್ಷಕರು ಬರುತ್ತಾರೆ, ವರ್ಷ ತಿರುಗಿದರೆ ಮುಖ ಬದಲಾಗುತ್ತದೆ. ಒಬ್ಬರನ್ನು ನಂಬಲು ಆರು ತಿಂಗಳು ಬೇಕಾಗುವ ಮಗು ಪ್ರತಿ ಜೂನ್‌ನಲ್ಲಿ ಮೊದಲಿನಿಂದ ಆರಂಭಿಸಬೇಕು. ಮಗುವಿನ ಇಷ್ಟಾನಿಷ್ಟ, ಹೆದರಿಕೆ, ಸಮಾಧಾನದ ಉಪಾಯಗಳನ್ನು ಒಂದೇ ಪುಟದಲ್ಲಿ ಬರೆದು ಮುಂದಿನವರ ಕೈಗೆ ಕೊಡುವ ರೂಢಿ ಬಂದರೆ ಈ ನಷ್ಟ ಬಹಳಷ್ಟು ತಗ್ಗುತ್ತದೆ.

ಇನ್ನೊಂದು, ಗುಳೆ. ದೇವದುರ್ಗ ಮತ್ತು ಮಾನ್ವಿ ಕಡೆಯಿಂದ ಕುಟುಂಬಗಳು ಕಟ್ಟಡದ ಕೆಲಸಕ್ಕೆ ಬೆಂಗಳೂರು, ಹೈದರಾಬಾದ್, ಮುಂಬೈ, ಪುಣೆಗೆ ಹೋಗುತ್ತವೆ. ಮಗುವನ್ನು ಅಜ್ಜಿಯ ಬಳಿ ಬಿಟ್ಟರೆ ತಾಯಿ ಇದ್ದಕ್ಕಿದ್ದಂತೆ ಮಾಯವಾದಳು ಎಂಬ ದಿಗಿಲು. ಕರೆದೊಯ್ದರೆ ತಗಡಿನ ಶೆಡ್ಡು, ಕಾಂಕ್ರೀಟ್ ಯಂತ್ರದ ಸದ್ದು, ಗೊತ್ತಿರದ ಭಾಷೆ. ಹೋಗುವ ಎರಡು ವಾರ ಮುಂಚೆಯೇ ಮೊಬೈಲಿನಲ್ಲಿ ಹೊಸ ಜಾಗದ ಫೋಟೊ ತೋರಿಸಬೇಕು. ಅದೇ ತಟ್ಟೆ, ಅದೇ ಕೌದಿ, ಅದೇ ಚಿತ್ರಪಟ್ಟಿ ಜೊತೆಗೆ ಹೋಗಬೇಕು. ಮಗುವನ್ನು ಬಿಟ್ಟು ಹೋಗುವವರು ತಾವು ಮರಳುವ ಹಬ್ಬವನ್ನು ಕ್ಯಾಲೆಂಡರಿನಲ್ಲಿ ಬಣ್ಣ ಹಾಕಿ ತೋರಿಸಿ, ದಿನಕ್ಕೊಂದು ಚೌಕಕ್ಕೆ ಗೀಟು ಹಾಕಲು ಕಲಿಸಬಹುದು. ಹೋದ ಊರಿನ ಸರ್ಕಾರಿ ಶಾಲೆಗೆ ವರ್ಗವಾಗುವ ಹಕ್ಕು ಶಿಕ್ಷಣ ಹಕ್ಕು ಕಾಯ್ದೆಯಲ್ಲಿದೆ. ವರ್ಗಾವಣೆ ಪತ್ರ ತಡವಾಯಿತೆಂದು ಯಾರೂ ಪ್ರವೇಶ ತಡೆಯುವಂತಿಲ್ಲ.

ಶಾಲೆಗೂ ಬೆಂಬಲ ಬೇಕು. ತಾಲ್ಲೂಕು ಮಟ್ಟದ ಸಂಪನ್ಮೂಲ ಕೇಂದ್ರವಾದ ಬಿಆರ್‌ಸಿಯಲ್ಲಿರುವ ಬಿಐಇಆರ್‌ಟಿಗಳು, ಅಂದರೆ ವಿಶೇಷ ಅಗತ್ಯವುಳ್ಳ ಮಕ್ಕಳಿಗಾಗಿ ನೇಮಕವಾದ ಸಂಪನ್ಮೂಲ ಶಿಕ್ಷಕರು, ಶಾಲೆಗಳಿಗೂ ಮನೆಗಳಿಗೂ ಹೋಗಿ ನೆರವಾಗುತ್ತಾರೆ. ಸಮಗ್ರ ಶಿಕ್ಷಣ ಯೋಜನೆಯಲ್ಲಿ ಇಂಥ ಪ್ರತಿ ಮಗುವಿಗೆ ವರ್ಷಕ್ಕೆ 3,500 ರೂಪಾಯಿವರೆಗೆ ಅವಕಾಶವಿದೆ, ಹೆಣ್ಣುಮಕ್ಕಳಿಗೆ ಹತ್ತು ತಿಂಗಳು ತಿಂಗಳಿಗೆ 200 ರೂಪಾಯಿ ಭತ್ಯೆ ಇದೆ. ದೇವದುರ್ಗದಂಥ ದೊಡ್ಡ ತಾಲ್ಲೂಕಿನ ಹಳ್ಳಿ, ತಾಂಡಾ, ದೊಡ್ಡಿಗಳನ್ನು ಸುತ್ತಲು ಬೆರಳೆಣಿಕೆಯ ಶಿಕ್ಷಕರು ಸಾಲರು. ರಜನೀಶ್ ಕುಮಾರ್ ಪಾಂಡೆ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2021ರ ಅಕ್ಟೋಬರ್‌ನಲ್ಲಿ ಎಷ್ಟು ಮಕ್ಕಳಿಗೆ ಒಬ್ಬ ವಿಶೇಷ ಶಿಕ್ಷಕರಿರಬೇಕೆಂಬುದನ್ನು ನಿಗದಿಪಡಿಸಲು ಹೇಳಿತು. 2025ರ ಮಾರ್ಚ್‌ನಲ್ಲಿ ಹುದ್ದೆಗಳನ್ನು ಸೃಷ್ಟಿಸಿ ಅಧಿಸೂಚನೆ ಹೊರಡಿಸುವಂತೆ ರಾಜ್ಯಗಳಿಗೆ ಮತ್ತೆ ಹೇಳಬೇಕಾಯಿತು. ಶಾಲಾಭಿವೃದ್ಧಿ ಸಮಿತಿಯ (ಎಸ್‌ಡಿಎಂಸಿ) ಸಭೆಗಳಲ್ಲಿ ಪೋಷಕರು ಕೇಳಬೇಕಾದ್ದು ಈ ಹುದ್ದೆಗಳನ್ನು.

ಗೃಹಾಧಾರಿತ ಶಿಕ್ಷಣದ ಬಗ್ಗೆ ಎಚ್ಚರ ಬೇಕು. ಶಿಕ್ಷಣ ಹಕ್ಕು ಕಾಯ್ದೆಯ 2012ರ ತಿದ್ದುಪಡಿಯಂತೆ ತೀವ್ರ ಅಂಗವೈಕಲ್ಯ ಇರುವ ಮಗು ಮನೆಯಲ್ಲೇ ಕಲಿಯುವುದನ್ನು ಆಯ್ದುಕೊಳ್ಳಬಹುದು. ಆ ಆಯ್ಕೆ ಕುಟುಂಬದ್ದು, ಶಾಲೆಯದಲ್ಲ. ನಡೆದಾಡುವ, ಓಡಾಡುವ ಮಗುವನ್ನು ತರಗತಿಗೆ ತೊಂದರೆ ಎಂಬ ಕಾರಣಕ್ಕೆ ಆ ಪಟ್ಟಿಗೆ ಸೇರಿಸುವುದು ಹೊರಗೆ ಹಾಕಿದಂತೆಯೇ. ದಿನಕ್ಕೆ ಒಂದು ಗಂಟೆಯಿಂದ ಆರಂಭಿಸಿ ತಿಂಗಳು ತಿಂಗಳು ಹೊತ್ತು ಹೆಚ್ಚಿಸುತ್ತ ಹೋಗುವುದು ಅದಕ್ಕಿಂತ ಎಷ್ಟೋ ಮೇಲು. ಮುಂದೆ ಎಸ್ಸೆಸ್ಸೆಲ್ಸಿ ಮುಟ್ಟುವ ಮಕ್ಕಳಿಗೆ ಹೆಚ್ಚುವರಿ ಸಮಯ, ಬರಹಗಾರರ ನೆರವಿನಂಥ ರಿಯಾಯಿತಿಗಳಿವೆ. ಅವಕ್ಕೆ ಪ್ರಮಾಣಪತ್ರ ಬೇಕಾಗುವುದರಿಂದ ಎಂಟನೇ ತರಗತಿಯ ಹೊತ್ತಿಗೇ ಅದನ್ನು ಮಾಡಿಸಿಟ್ಟುಕೊಳ್ಳುವುದು ಲೇಸು.

ಕರ್ನಾಟಕದ ಶಾಲೆಗಳು ಬೇಸಿಗೆ ರಜೆಯ ನಂತರ ಮೇ ಕೊನೆಗೆ ತೆರೆಯುತ್ತವೆ. ಮಕ್ಕಳ ಗದ್ದಲ ಶುರುವಾಗುವ ಒಂದೆರಡು ದಿನ ಮುಂಚೆ, ಶಾಲೆ ಖಾಲಿ ಇರುವಾಗ, ತಾಯಿ ತಂದೆ ಮಗುವನ್ನು ಅಲ್ಲಿಗೆ ಕರೆದೊಯ್ಯಲಿ. ಅದು ಕೂರುವ ಜಾಗ, ನೀರಿನ ನಲ್ಲಿ, ಶೌಚಾಲಯ, ಗಂಟೆ ತೂಗುವ ಕಂಬ ತೋರಿಸಲಿ. ನಾಲ್ಕು ಫೋಟೊ ತೆಗೆದುಕೊಂಡು ರಾತ್ರಿ ಮನೆಯಲ್ಲಿ ಮತ್ತೆ ನೋಡಿಸಲಿ. ಮುಖ್ಯ ಗುರುಗಳು ಅಂದು ಬಂದು ಬೀಗ ತೆಗೆದುಕೊಡಲಿ.